ಏಡಿ ಎಳೆದ ಬಂಗಲೆ

ಕಡಲ ದಂಡೆಯ ಹಳೇ ಬಂಗಲೆಯೊಂದರ ಗೋಡೆಗೆಲ್ಲ ಕವಡೆ, ಶಂಖ, ಚಿಪ್ಪುಗಳನ್ನು ಗಾರೆಯಲ್ಲಿ ಮೆತ್ತಿದ್ದರು. ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಸನ್ಯಾಸಿ ಏಡಿಯೊಂದು, ತನ್ನ ಹಳೇ ಶಂಖ ಇಕ್ಕಟ್ಟಾಯಿತೆಂದು ಗೋಡೆಯ ಬುಡದ ದೊಡ್ಡ ಶಂಖದೊಳಗೆ ಸೇರಿಕೊಂಡಿತು. ಹಸಿವಾಗಿ ಕಡಲಿಗೆ ಹೊರಟರೆ ಮನೆ ಕದಲಲೊಲ್ಲದು.

"ಶಂಖ ಬಿಟ್ಟು ಹೋಗು ಮಾರಾಯ," ಎಂದಿತು ಗೋಡೆಯ ಹಲ್ಲಿ.

"ಮನೆ ಬಿಟ್ಟು ಹೊರಗೆ ಕಾಲಿಡುವುದು ನಮ್ಮ ವಂಶದಲ್ಲೇ ಇಲ್ಲ. ಬಂಗಲೆಯನ್ನೇ ಎಳೆದೊಯ್ಯುತ್ತೇನೆ."

ಹಲ್ಲಿ ಲೊಚಗುಟ್ಟಿತು. "ಮೆಲ್ಲಗೆ ಎಳಿ ಮತ್ತೆ. ಒಳಗೆ ಸಾರು ಬಡಿಸುತ್ತಿದ್ದಾರೆ."

ಮಾತಾಡಿದೊಡನೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗಲೇಬೇಕು. ಏಡಿ ಮೈಮುರಿದು ಎಳೆಯಿತು. ಅಷ್ಟರಲ್ಲಿ ಉಬ್ಬರ ಏರಿ, ಅಲೆಯೊಂದು ಗೋಡೆಗೆ ಬಡಿದು, ಏಡಿಯ ಬಾಯಿಗೆ ಸೀಗಡಿಯನ್ನೂ ಹಾಕಿತು.

ಏಡಿ ಏದುಸಿರು ಬಿಡುತ್ತ ಹಲ್ಲಿಗೆ ಹೇಳಿತು: "ಕಡಲು ಬಂತು. ಊಟವಾಗಿದ್ದರೆ ಒಳಗಿನವರಿಗೆ ಇಳಿಯಲು ಹೇಳು."