ಹುಂಜಣ್ಣನ ಜುಟ್ಟು, ಹೀರಾಳ ಮಂಡಿ

ಕಥೆ ಹೇಳುವುದು ಇದೇ ಮೊದಲು, ಎಡವಿದರೆ ಕ್ಷಮಿಸಿ. ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡಿನ ತಾಳಕ್ಕೆ ಕುಣಿಯುವ ಹೀರಾ ಎಂಬ ಹೆಣ್ಣು ಕುದುರೆಯ ಮಂಡಿ ಸವೆದಿತ್ತು. ಸವೆದಿತ್ತು ಎಂದರೆ, ಕೀಲನ್ನು ಜಾರಿಸುವ ರಸ ತೆಳುವಾಗಿತ್ತು. ಕುಣಿಯಲಾಗದಿದ್ದರೆ ಯಜಮಾನರು ಬೇರೆ ಕುದುರೆ ತರುವವರಿದ್ದರು. ಪಶುವೈದ್ಯರು ಬಂದು ಮಂಡಿಯೊಳಕ್ಕೆ ಹಯಲುರಾನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟರು. ಅದು ಲೋಳೆಸರದ ತಿರುಳಿನಂಥ ಅಂಟು ದ್ರವ.

ಮರುದಿನವೇ ಲಾಯದ ಹುಂಜಣ್ಣ ಕೇಳಿದ: "ಏನಕ್ಕಾ, ಕುಣಿತ ಬಂತೇ? ಆ ಮದ್ದನ್ನು ನಮ್ಮ ಕುಲದವರ ಜುಟ್ಟಿನಿಂದಲೂ ತೆಗೆಯುತ್ತಾರಂತೆ!"

"ಅದಕ್ಕೇ ಇರಬೇಕು, ಆ ಮದ್ದಿಗೂ ನಿನ್ನ ಹಾಗೇ ಮೆರೆದಾಟ ಜಾಸ್ತಿ, ಕೆಲಸ ಕಡಿಮೆ," ಎಂದಳು ಹೀರಾ.

"ನಾನು ಕೂಗಿದೊಡನೆ ಸೂರ್ಯನೇ ಬರುತ್ತಾನೆ. ನಿನ್ನ ಮಂಡಿಯೇ ಸೋಮಾರಿ!"

ದಿನವೂ ಅವನು ಕೇಳಿದ, ದಿನವೂ ಅವಳು ಇಲ್ಲವೆಂದಳು. ಐದನೆಯ ವಾರ ಹುಂಜಣ್ಣ, "ಮುದುಕಿ, ಇನ್ನು ಮದುಮಗನನ್ನು ನಾನೇ ಹೊರುತ್ತೇನೆ, ಬಿಡು," ಎಂದು ಅವಳ ಹುರುಳಿಗೇ ಬಾಯಿ ಹಾಕಿದ. ಹೀರಾ ಅವನನ್ನು ಅಟ್ಟಿಸಿಕೊಂಡು ಹೋದಳು. ಅಂಗಳವನ್ನು ಎರಡು ಸುತ್ತು ಸುತ್ತಿದಳು, ನೀರಿನ ತೊಟ್ಟಿಯನ್ನು ಹಾರಿದಳು. ಆಚೆ ಇಳಿದ ಮೇಲಷ್ಟೇ ನೋವಿನ ನೆನಪಾಯಿತು. ಮಂಡಿ ಮಡಿಸಿ ಹುಡುಕಿದರೂ ಅದು ಸಿಗಲಿಲ್ಲ. ನಿಂತಲ್ಲೇ ನಾಲ್ಕು ಹೆಜ್ಜೆ ಕುಣಿದು ಕೆನೆದಳು.

ಹುಂಜಣ್ಣ ಗೋಡೆ ಹತ್ತಿ ಕೂಗಿದ: "ನೋಡಿದಿರಾ! ಬಿಡಿಸಿ ಹೇಳುತ್ತೇನೆ, ಕೇಳಿ. ಮದ್ದು ನನ್ನ ಹಾಗೆ ಕೂಗಿ ಹೇಳುವುದಿಲ್ಲ, ಅದು ಒಳಗೊಳಗೇ, ಅಂದರೆ..."

"ರೀ, ಸಾಕು, ಇಳಿದು ಓಡಿ ಬನ್ನಿ!" ಎಂದು ಕೆಳಗಿನಿಂದ ಅವನ ಹೇಂಟೆ ಕರೆದಳು. "ಅವಳು ಮತ್ತೆ ತೊಟ್ಟಿ ಹಾರಿ ನಿಮ್ಮ ಕಡೆಗೇ ಬರುತ್ತಿದ್ದಾಳೆ!"