ಜೊಂಡುಮೂಲೆಯ ಸ್ವತಂತ್ರ ರಾಜ್ಯ

ಮಕ್ಕಳೇ, ಕಾಡಿನ ನಡುವೆ ಹಿರೇಕೆರೆ ಎಂಬ ದೊಡ್ಡ ಕೆರೆಯಿತ್ತು. ಅದರ ಕಟ್ಟಕಡೆಯಲ್ಲಿ, ಜೊಂಡುಹುಲ್ಲಿನ ಆಚೆ ಒಂದು ಗುಂಡಿ. ಸಣ್ಣದೊಂದು ಕಾಲುವೆಯಿಂದ ಅದಕ್ಕೆ ಕೆರೆಯ ನೀರು ಬರುತ್ತಿತ್ತು. ಅದೇ ನಮ್ಮ ಜೊಂಡುಮೂಲೆ. ನಾನು ಅಲ್ಲಿಯ ಕಪ್ಪೆ, ಹೆಸರು ಡೊಳ್ಳಯ್ಯ. ಬುದ್ಧಿ ಕಡಿಮೆ, ಗಂಟಲು ದೊಡ್ಡದು.

ಕೆರೆಯ ಅರಸ ಚಿಪ್ಪರಾಯನೆಂಬ ಮುದಿ ಆಮೆ. ಪ್ರತಿ ಸಂಜೆ ಬಂಡೆಯೇರಿ ಒಂದೊಂದು ಮೂಲೆಯ ಹೆಸರು ಕೂಗುತ್ತಿದ್ದ. ಆಯಾ ಮೂಲೆಯ ಕಪ್ಪೆಗಳು "ಇದ್ದೀವಿ" ಎನ್ನಬೇಕು. ನಮ್ಮ ಮೂಲೆಯ ಹೆಸರನ್ನು ಮಾತ್ರ ಅವನು ಒಂದು ದಿನವೂ ಕೂಗಲಿಲ್ಲ. ನಮಗೆ ನಿಜಕ್ಕೂ ನೋವಾಗುತ್ತಿತ್ತು.

"ಹೋಗಿ ಹೇಳಿ ಬರೋಣ" ಎಂದಳು ನನ್ನ ಹೆಂಡತಿ ನೀರವ್ವ.

"ಹೇಳೋದೇನು? ಇವತ್ತಿನಿಂದ ನಮ್ಮದೇ ಬೇರೆ ರಾಜ್ಯ" ಎಂದೆ. ಎಲ್ಲರೂ ಸೇರಿ ನನ್ನನ್ನು ಸೇನಾಪತಿ ಮಾಡಿದರು. ಆ ಕೆಲಸಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಚಿಪ್ಪರಾಯನ ದಂಡು ನುಗ್ಗದಂತೆ ಕಾಲುವೆಗೆ ಜೇಡಿಮಣ್ಣಿನ ಒಡ್ಡು ಕಟ್ಟಿದೆವು. ಅದರ ಮೇಲೆ ಸಾಲಾಗಿ ಕೂತು ಮೂರು ತಿಂಗಳು ಘೋಷಣೆ ಕೂಗಿದೆವು. ದಂಡು ಬರಲೇ ಇಲ್ಲ. "ಹೆದರಿದ್ದಾರೆ" ಎಂದು ನಾನು ಎದೆಯುಬ್ಬಿಸಿದೆ.

ಅಷ್ಟರಲ್ಲಿ ಬೇಸಿಗೆ ಬಂತು.

"ಸೇನಾಪತಿಗಳೇ, ಸ್ವಲ್ಪ ಈ ಕಡೆ ತಿರುಗ್ತೀರಾ?" ಎಂದಳು ನೀರವ್ವ. "ಗುಂಡೀಲಿ ನೀರು ಅಂಗೈಯಷ್ಟಿದೆ. ಮರಿಗಳ ಬೆನ್ನು ಒಣಗ್ತಿದೆ."

ತಿರುಗಿ ನೋಡಿದೆ. ನನ್ನ ಗೊದಮೊಟ್ಟೆ ಮರಿಗಳು ಕೆಸರಿನಲ್ಲಿ ಬಾಯಿ ಬಾಯಿ ಬಿಡುತ್ತಿದ್ದವು. ಎಲ್ಲರೂ ಸೇರಿ ಒಡ್ಡನ್ನು ಕೆದರಿದೆವು. ಬಿಸಿಲಿಗೆ ಅದು ಕಲ್ಲಾಗಿತ್ತು. ಜನ್ಮದಲ್ಲಿ ನಾನು ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ.

ನೀರವ್ವ ನನ್ನನ್ನು ಕೇಳಲೂ ಇಲ್ಲ. ಒಡ್ಡು ಹಾರಿ ನೇರ ಚಿಪ್ಪರಾಯನ ಬಳಿಗೆ ಹೋದಳು. ಅವನು ಏಡಿಗಳನ್ನು ಕರೆದುಕೊಂಡು ಬಂದ. ಏಡಿಗಳು ಒಡ್ಡು ಕೊರೆದವು, ನೀರು ನುಗ್ಗಿತು, ಮರಿಗಳು ಬಾಲ ಆಡಿಸಿದವು.

"ನಾವು ನಿಮ್ಮಿಂದ ಬೇರೆಯಾಗಿ ಮೂರು ತಿಂಗಳಾಯ್ತು" ಎಂದೆ, ಒಡೆದ ದನಿಯಲ್ಲಿ, ಆದರೂ ಬಿಗುಮಾನದಿಂದ.

"ಹೌದೇನಯ್ಯಾ? ಇಲ್ಲೊಂದು ಮೂಲೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದೇ" ಎಂದು ಚಿಪ್ಪರಾಯ ನಾಚಿ ತಲೆಯನ್ನು ಒಳಗೆಳೆದುಕೊಂಡ.

ಆ ಸಂಜೆ ಬಂಡೆಯ ಮೇಲಿಂದ ಮೊದಲ ಸಲ ಕೇಳಿಸಿತು: "ಜೊಂಡುಮೂಲೆ!"

ನಾವೆಲ್ಲ ಬಾಯಿ ತೆರೆದೆವು. ಸ್ವರವೇ ಹೊರಡಲಿಲ್ಲ. ಘೋಷಣೆ ಕೂಗಿ ಕೂಗಿ ಎಲ್ಲರ ಗಂಟಲೂ ಕಟ್ಟಿಹೋಗಿತ್ತು.

"ಇದ್ದೀವಿ" ಎಂದಳು ನೀರವ್ವ. ಮೂರು ತಿಂಗಳೂ ಅವಳು ಮರಿಗಳನ್ನು ನೋಡಿಕೊಂಡಿದ್ದಳು. ಕೂಗಲು ಅವಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

ನೀತಿ: ಮರೆತವರ ಮೇಲೆ ಸಿಟ್ಟು ಬಂದರೆ ಅವರೆದುರು ಹೋಗಿ ಹೇಳಬೇಕು, ಆ ಸಿಟ್ಟಿನಲ್ಲಿ ನಮ್ಮ ಮಕ್ಕಳ ನೀರಿಗೇ ಒಡ್ಡು ಕಟ್ಟಬಾರದು.