ಹುತ್ತದ ತಿರುವಿನ ನೋಟೀಸು

ಒಂದು ಕಾಡಿನಲ್ಲಿ, ಹುತ್ತದ ತಿರುವಿನಲ್ಲಿ ಯಾರೂ ಓಡಕೂಡದೆಂದು ಆನೆ ಕಟ್ಟಳೆ ಮಾಡಿತ್ತು. ಬೇಸಿಗೆಯಲ್ಲಿ ಅಲ್ಲಿ ನಾಗಾಲೋಟ ಓಡಿದ್ದ ಜಿಂಕೆಗೆ ಕಚೇರಿಯ ನೋಟೀಸು ಬಂದದ್ದು ಮಳೆಗಾಲ ಮುಗಿದ ಮೇಲೆ. ತಂದದ್ದು ಅಂಚೆಯ ಬಸವನಹುಳು.

ಜಿಂಕೆ ಮೂಗು ಮುರಿಯಿತು. "ಏನಯ್ಯಾ, ಓಡಿದ್ದು ನನಗೇ ಮರೆತುಹೋಗಿದೆ. ಗೊರಸಿನ ಗುರುತು ಅಳಿಸಿದ ಮೇಲೆ ಬಂದ ನೋಟೀಸು ಊರ್ಜಿತವಲ್ಲ, ಅದು ಈ ಕಾಡಿನ ಕಾನೂನು. ಮಳೆ ಎಲ್ಲವನ್ನೂ ತೊಳೆದುಬಿಟ್ಟಿದೆ. ವಾಪಸು ಒಯ್ಯಿ."

"ಕಾನೂನು ನನಗೂ ಗೊತ್ತು ತಾಯಿ," ಎಂದು ಬಸವನಹುಳು ಮೆಲ್ಲಗೆ ಮಗ್ಗುಲು ತಿರುಗಿತು. ಅದರ ಚಿಪ್ಪಿನ ಅಂಚಿನಲ್ಲಿ ಗೊರಸಿನ ಗುರುತು ಬಿರುಕಾಗಿ ಉಳಿದಿತ್ತು. "ಅವತ್ತು ಟಪಾಲು ಹೊತ್ತು ಅದೇ ತಿರುವು ದಾಟುತ್ತಿದ್ದೆ. ಚಿಪ್ಪು ಕೂಡಿಕೊಳ್ಳುವ ತನಕ ಎಲೆಯಡಿ ಮಲಗಬೇಕಾಯಿತು. ಎದ್ದ ಮೇಲೆ ಮೊದಲು ಹೊತ್ತದ್ದೇ ಇದನ್ನು. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಜಿಂಕೆ ಬಗ್ಗಿ ಆ ಬಿರುಕನ್ನು ನೋಡಿತು. ಅವತ್ತು ಗೊರಸು ಕೂದಲೆಳೆಯಷ್ಟು ಈಚೆ ಬಿದ್ದಿದ್ದರೆ ಈ ಅಂಚೆಯವನೇ ಇರುತ್ತಿರಲಿಲ್ಲ. ಅದು ತಲೆಬಾಗಿ ನೋಟೀಸು ತೆಗೆದುಕೊಂಡಿತು. "ತಡವಾದರೂ ನೀನೇ ಬಂದೆಯಲ್ಲ ಅಣ್ಣಾ, ಅದು ನನ್ನ ಪುಣ್ಯ. ಬೆನ್ನ ಮೇಲೆ ಕೂತುಕೋ, ಕಚೇರಿಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ."

ಹುತ್ತದ ತಿರುವಿಗೆ ಬಂದಾಗ ಗೊರಸಿನ ಸದ್ದು ಕೇಳಿ ದಾರಿಯಲ್ಲಿದ್ದ ಇರುವೆ, ಕಂಬಳಿಹುಳು, ಓತಿಮರಿಗಳೆಲ್ಲ ದಿಕ್ಕಾಪಾಲಾಗಿ ಚದುರಿದವು. ಇಲ್ಲಿ ಇಷ್ಟು ಮಂದಿ ಓಡಾಡುತ್ತಾರೆಂದು ಜಿಂಕೆ ಕಂಡದ್ದು ಅಂದೇ.

ಬೆನ್ನ ಮೇಲಿನಿಂದ ಬಸವನಹುಳು ಕೂಗಿ ಹೇಳಿತು: "ಹೆದರಬೇಡಿ, ಇವರು ನಡೆದುಕೊಂಡು ಬರುತ್ತಿದ್ದಾರೆ."